ಉಡುಗೊರೆಯ ಮೇಲೊಂದು ಕಾಗದದ ಗಂಟು: ಜುಟ್ಟು ಹೋದ ಮೇಲೂ ಬದುಕಿದ ಕಸುಬಿನ ಕಥೆ

ಮದುವೆಗೆ ಹೊರಟಾಗ ದಾರಿಯಲ್ಲಿ ಅಂಗಡಿಗೆ ನಿಂತು ಮುಯ್ಯಿ ಕವರ್ ಕೊಳ್ಳುತ್ತೇವೆ. ಎಷ್ಟೋ ಕವರ್‌ಗಳಲ್ಲಿ ಒಂದು ರೂಪಾಯಿ ನಾಣ್ಯ ಮೊದಲೇ ಅಂಟಿಸಿರುತ್ತದೆ. ನೂರಕ್ಕೊಂದು, ಐನೂರಕ್ಕೊಂದು. ಆ ಒಂದು ರೂಪಾಯಿ ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಆದರೆ ಅದಿಲ್ಲದೆ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ. ಕವರ್‌ನ ಒಳಗಿರುವ ದುಡ್ಡಿನ ಜೊತೆ ಹೊರಗಿನ ಗುರುತೂ ಏನೋ ಹೇಳುತ್ತಿರುತ್ತದೆ.

ಇಂಥ ಹೊರಗಿನ ಗುರುತನ್ನು ಒಂದು ಭಾಷೆಯ ಮಟ್ಟಕ್ಕೆ ಬೆಳೆಸಿದ ದೇಶ ಜಪಾನ್. ಅಲ್ಲಿ ಡಿಸೆಂಬರ್ ಬಂತೆಂದರೆ 'ಒಸೆಯ್ಬೊ' ಎಂಬ ವರ್ಷಾಂತ್ಯದ ಉಡುಗೊರೆಗಳ ಕಾಲ. ವರ್ಷವಿಡೀ ನೆರವಾದವರಿಗೆ, ಮೇಷ್ಟ್ರಿಗೆ, ಮೇಲಧಿಕಾರಿಗೆ, ಮದುವೆ ಕುದುರಿಸಿದವರಿಗೆ ಏನಾದರೂ ಕಳಿಸಬೇಕು. ಹೊಸ ವರ್ಷದ ದಿನ ಮಕ್ಕಳಿಗೆ ಚಿಕ್ಕ ಕಾಗದದ ಕವರ್‌ನಲ್ಲಿ 'ಒತೊಶಿದಾಮಾ' ಎಂಬ ದುಡ್ಡು ಕೊಡಬೇಕು. ದೊಡ್ಡವರಿಗೆ ಕೊಡುವ ಉಡುಗೊರೆ ಬರಿ ಪೊಟ್ಟಣವಾಗಿ ಹೋಗುವುದಿಲ್ಲ. ಅದರ ಮೇಲೆ ಮಡಚಿದ ಕಾಗದದ ಚಿಕ್ಕ ಅಲಂಕಾರ ಇರುತ್ತದೆ, ಕಾಗದದ ಹುರಿಯ ಗಂಟು ಇರುತ್ತದೆ.

ಮಡಚಿದ ಅಲಂಕಾರದ ಹೆಸರು 'ನೊಶಿ'. ಹುರಿಯ ಹೆಸರು 'ಮಿಜುಹಿಕಿ'. ಇವೆರಡರ ಹಿಂದೆ ಕಡಲಿಗೆ ಧುಮುಕುವ ಹೆಂಗಸರಿದ್ದಾರೆ, ಕತ್ತಿ ಹಿಡಿದ ಸಮುರಾಯ್‌ಗಳಿದ್ದಾರೆ. ಸರ್ಕಾರದ ಒಂದು ಆದೇಶದಿಂದ ಹೊಟ್ಟೆಪಾಡೇ ಅಲುಗಾಡಿದ ಗುಡ್ಡಗಾಡಿನ ಊರೊಂದೂ ಇದೆ.

ಕಾಗದಕ್ಕೂ ಮೊದಲು ಕಡಲು

ನೊಶಿ ಶುರುವಾದದ್ದು ಕಾಗದದಿಂದಲ್ಲ, ಕಡಲ ಜೀವಿಯಿಂದ. ಜಪಾನಿನ ಸಮುದ್ರದಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ, ಕಿವಿಯ ಆಕಾರದ ಚಿಪ್ಪಿರುವ 'ಅವಾಬಿ' ಎಂಬ ಜೀವಿ ಇದೆ. ಅದರ ಮಾಂಸವನ್ನು ಸೋರೆಕಾಯಿ ಸಿಪ್ಪೆ ಹೆರೆದಂತೆ ಸುತ್ತಲೂ ಉದ್ದಕ್ಕೆ ಹೆರೆಯುತ್ತಾರೆ. ಆ ಪಟ್ಟಿಯನ್ನು ಒಣಗಿಸಿ, ಬಿದಿರಿನಿಂದ ಒತ್ತಿ ಹಿಗ್ಗಿಸುತ್ತಾರೆ. ಹಿಗ್ಗಿಸು ಎಂಬ ಅರ್ಥದ ಜಪಾನಿ ಪದದಿಂದಲೇ 'ನೊಶಿ' ಎಂಬ ಹೆಸರು ಬಂತು.

ಒಣಗಿದ ಅವಾಬಿ ಬಹಳ ದಿನ ಕೆಡದೆ ಉಳಿಯುವ ಪದಾರ್ಥ. ಯುದ್ಧಕ್ಕೆ ಹೊರಟವರ ಬುತ್ತಿಗೆ ಅನುಕೂಲ. ಹಿಗ್ಗಿ ಉದ್ದವಾದದ್ದು ಅಂದರೆ ಆಯುಷ್ಯವೂ ಉದ್ದವಾಗಲಿ ಎಂಬ ಹಾರೈಕೆ. ದೇವರಿಗೆ ಅರ್ಪಿಸಲೂ, ಗಣ್ಯರಿಗೆ ಕೊಡಲೂ ಇದೇ ಒಳ್ಳೆಯದು ಅಂತಾಯಿತು. ಬರುಬರುತ್ತಾ ಬೇರೆ ಯಾವ ಉಡುಗೊರೆ ಕೊಟ್ಟರೂ ಅದರ ಜೊತೆ ಕಾಗದದಲ್ಲಿ ಸುತ್ತಿದ ಅವಾಬಿಯ ಒಂದು ತುಂಡು ಇಡುವ ಪದ್ಧತಿ ಬೆಳೆಯಿತು. 'ಇದು ಶುಭದ ಉಡುಗೊರೆ' ಎಂಬುದಕ್ಕೆ ಅದೇ ಸಾಕ್ಷಿ.

ಸಾವಿನ ಮನೆಗೆ ಕೊಡುವಾಗ ಮಾತ್ರ ನೊಶಿ ಇಡುವುದಿಲ್ಲ. ಬೌದ್ಧ ಪದ್ಧತಿಯ ಸೂತಕದಲ್ಲಿ ಮೀನು ಮಾಂಸ ವರ್ಜ್ಯ, ಅವಾಬಿಯೂ ಅದೇ ಸಾಲಿಗೆ ಸೇರುತ್ತದೆ. ಹಾಗೆಯೇ ಉಡುಗೊರೆಯೇ ಮೀನಾಗಿದ್ದರೆ ಅದರ ಮೇಲೂ ನೊಶಿ ಬೇಡ, ಕಡಲಿನದು ಒಳಗೇ ಇದೆಯಲ್ಲ.

ಇಂದಿಗೂ ಜಪಾನಿನ ಮಿಎ ಪ್ರಾಂತ್ಯದ ತೊಬಾ ಪಟ್ಟಣಕ್ಕೆ ಸೇರಿದ ಕುಜಾಕಿ ಎಂಬ ಕರಾವಳಿ ಊರಿನಲ್ಲಿ ನಿಜವಾದ ಅವಾಬಿ ನೊಶಿ ತಯಾರಾಗುತ್ತದೆ. 'ಅಮಾ' ಎಂದು ಕರೆಯುವ ಹೆಂಗಸರು ಆಮ್ಲಜನಕದ ಸಿಲಿಂಡರ್ ಇಲ್ಲದೆ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ತರುತ್ತಾರೆ. ಊರಿನ ಹಿರಿಯರು ಅದನ್ನು ಹೆರೆದು ಒಣಗಿಸುತ್ತಾರೆ. ವರ್ಷಕ್ಕೆ ಮೂರು ಸಲ, ಜೂನ್, ಅಕ್ಟೋಬರ್ ಮತ್ತು ಡಿಸೆಂಬರ್‌ನ ಹಬ್ಬಗಳಿಗೆ, ಅದು ಇಸೆ ದೇವಾಲಯಕ್ಕೆ ಸಲ್ಲುತ್ತದೆ.

ಆದರೆ ಊರಿಗೆಲ್ಲ ಅವಾಬಿ ಎಲ್ಲಿಂದ ತರುವುದು? ಅದು ದುಬಾರಿ, ಸಿಗುವುದೂ ಅಪರೂಪ. ಹಾಗಾಗಿ ಸಾಮಾನ್ಯರ ಉಡುಗೊರೆಯಲ್ಲಿ ಅವಾಬಿಯ ಜಾಗಕ್ಕೆ ಹಳದಿ ಕಾಗದದ ಪಟ್ಟಿ ಬಂತು. ಅದನ್ನು ಸುತ್ತುವ ಕೆಂಪು ಬಿಳಿ ಕಾಗದದ ಮಡಿಕೆ ಹಾಗೇ ಉಳಿಯಿತು. ಪೊಟ್ಟಣದ ಬಲಮೂಲೆಯಲ್ಲಿ, ಮೇಲ್ಗಡೆ ಅಗಲವಾಗಿ ಕೆಳಗೆ ಸಣ್ಣಗಾಗಿ ಕಾಣುವ ಚಿಕ್ಕ ಮಡಿಕೆ, ನಡುವೆ ಇಣುಕುವ ಹಳದಿ ಪಟ್ಟಿ, ಅದೇ ಇವತ್ತಿನ ನೊಶಿ. ಕೊಡುವವರಲ್ಲಿ ಎಷ್ಟೋ ಮಂದಿಗೆ ಆ ಹಳದಿ ಪಟ್ಟಿ ಒಂದು ಕಾಲದಲ್ಲಿ ಕಡಲಲ್ಲಿತ್ತು ಎಂಬುದು ಗೊತ್ತಿರುವುದಿಲ್ಲ.

ಮಡಿಕೆ ನೋಡಿ ಒಳಗೇನಿದೆ ಹೇಳು

ಕಾಗದ ಮಾಡುವ ವಿದ್ಯೆ ಹುಟ್ಟಿದ್ದು ಚೀನಾದಲ್ಲಿ, ಜಪಾನಿಗೆ ಬಂದದ್ದು ಕೊರಿಯಾದ ಮೂಲಕ. ಕಾಗದ ಮತ್ತು ಶಾಯಿ ಮಾಡಲು ಬಲ್ಲ ಬೌದ್ಧ ಭಿಕ್ಷುವೊಬ್ಬ 610ರಲ್ಲಿ ಕೊರಿಯಾದಿಂದ ಬಂದ ಎಂದು ಜಪಾನಿನ ಹಳೆಯ ಚರಿತ್ರೆ ಗ್ರಂಥ 'ನಿಹೊನ್ ಶೊಕಿ' ದಾಖಲಿಸಿದೆ. ಅಲ್ಲಿನವರು ಈ ವಿದ್ಯೆಯನ್ನು ತಮ್ಮದಾಗಿ ಮಾಡಿಕೊಂಡರು. 'ಕೊಜೊ' ಎಂಬ ಗಿಡದ ತೊಗಟೆ ಬೇಯಿಸಿ, ಬಡಿದು, ನೀರಿನಲ್ಲಿ ಕದಡಿ, ಬಿದಿರಿನ ಜರಡಿಯಲ್ಲಿ ಎತ್ತಿ ತೆಳುವಾದ, ಗಟ್ಟಿಯಾದ ಕಾಗದ ಮಾಡಿದರು. ಈ ಕೊಜೊ ನಮ್ಮ ರೇಷ್ಮೆ ರೈತರ ಹಿಪ್ಪುನೇರಳೆಯ ಬಳಗದ್ದೇ. ಅದರ ನಾರು ಉದ್ದ. ಆದ್ದರಿಂದ ಈ ಕಾಗದ ಮಡಚಿದರೆ ಒಡೆಯುವುದಿಲ್ಲ, ಹೊಸೆದರೆ ಹರಿಯುವುದಿಲ್ಲ. ಮುಂದಿನ ಕಥೆಯೆಲ್ಲ ನಿಂತಿರುವುದು ಈ ಎರಡು ಗುಣಗಳ ಮೇಲೆ. ಕೈಯಲ್ಲಿ ಮಾಡುವ ಈ ಬಗೆಯ ಕಾಗದದ ಮೂರು ಪರಂಪರೆಗಳನ್ನು 2014ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಮೊದಲು ಕಾಗದ ಅಂದರೆ ಅರಮನೆ ಮತ್ತು ದೇವಸ್ಥಾನದ ವಸ್ತು. ಅಶಿಕಾಗಾ ಶೋಗನ್‌ಗಳ ಆಳ್ವಿಕೆಯಲ್ಲಿ, ಅಂದರೆ 14ರಿಂದ 16ನೇ ಶತಮಾನದ ನಡುವೆ, ಸಮುರಾಯ್ ಮನೆತನಗಳಿಗೆ ನಡೆನುಡಿಯ ಕಟ್ಟುಪಾಡುಗಳು ಬಂದವು. ಬಿಲ್ಲು ಹಿಡಿಯುವುದು ಹೇಗೆ, ಊಟಕ್ಕೆ ಕೂರುವುದು ಹೇಗೆ, ಉಡುಗೊರೆ ಸುತ್ತುವುದು ಹೇಗೆ ಎಲ್ಲಕ್ಕೂ ಒಂದು ಕ್ರಮ. ಈ ವಿಷಯದಲ್ಲಿ ಇಸೆ ಮತ್ತು ಒಗಾಸವಾರಾ ಎಂಬ ಎರಡು ಮನೆತನಗಳ ಮಾತೇ ಮಾತು. ಕಾಗದ ಮಡಚಿ ಉಡುಗೊರೆ ಸುತ್ತುವ ಈ ವಿದ್ಯೆಗೆ 'ಒರಿಗಾತಾ' ಎಂದು ಹೆಸರು. ಮಕ್ಕಳು ಕಾಗದದಲ್ಲಿ ಹಕ್ಕಿ ಮಾಡುವ ಒರಿಗಾಮಿ ನಮ್ಮಲ್ಲೂ ಗೊತ್ತು. ಒರಿಗಾತಾ ಅದರ ಗಂಭೀರ ಸ್ವಭಾವದ ಹಿರಿಯಕ್ಕ ಅನ್ನಬಹುದು.

ಇದರ ಸ್ವಾರಸ್ಯ ಏನೆಂದರೆ, ಪ್ರತಿ ವಸ್ತುವಿಗೂ ಬೇರೆ ಮಡಿಕೆ. ಬೀಸಣಿಗೆಗೆ ಒಂದು, ಬರೆಯುವ ಕುಂಚಕ್ಕೆ ಒಂದು, ಔಷಧಿಯ ಪುಡಿಗೆ ಒಂದು, ಎಳ್ಳು ಉಪ್ಪಿಗೆ ಒಂದು, ಹಣಕ್ಕೆ ಇನ್ನೊಂದು. ಬಿಚ್ಚುವ ಮೊದಲೇ ಒಳಗೇನಿದೆ ಎಂದು ತಿಳಿಯಬೇಕು. ಕೆಲವಕ್ಕೆ ವಸ್ತುವಿನ ತುದಿ ಹೊರಗೆ ಇಣುಕುವಂತೆಯೂ ಬಿಡುತ್ತಿದ್ದರು. ಇಸೆ ಮನೆತನದ ಇಸೆ ಸದಾತಾಕೆ ಎಂಬ ವಿದ್ವಾಂಸ ಈ ಮಡಿಕೆಗಳನ್ನು 1764ರಲ್ಲಿ 'ತ್ಸುತ್ಸುಮಿ ನೊ ಕಿ' ಎಂಬ ಬರಹದಲ್ಲಿ ವಿವರಿಸಿದ. ಅಷ್ಟು ಹೊತ್ತಿಗೆ ಆ ಪದ್ಧತಿಗಳಿಗೆ ಶತಮಾನಗಳೇ ಕಳೆದಿದ್ದವು.

ಎಡೊ ಕಾಲದಲ್ಲಿ (1603–1868) ಕಾಗದ ಅಗ್ಗವಾಯಿತು. ವ್ಯಾಪಾರಿಗಳು ಹಣವಂತರಾದರು. ಸಮುರಾಯ್‌ಗಳ ಮನೆಯ ರೀತಿ ರಿವಾಜು ಪೇಟೆಯವರ ಮನೆಗೂ ಇಳಿಯಿತು. ಮದುವೆಯಲ್ಲಿ ಸಾಕೆ ಮದ್ಯದ ಹೂಜಿಗಳಿಗೆ ಗಂಡು ಚಿಟ್ಟೆ, ಹೆಣ್ಣು ಚಿಟ್ಟೆ ಎಂದು ಕಾಗದದ ಜೋಡಿ ಕಟ್ಟುವುದು ಹರಡಿತು. ಮನರಂಜನೆಗಾಗಿ ಕಾಗದ ಮಡಚುವುದೂ ಜನಪ್ರಿಯವಾಯಿತು. ಅದನ್ನು ಕಲಿಸುವ, ಈಗ ಉಳಿದಿರುವವುಗಳಲ್ಲಿ ಅತಿ ಹಳೆಯ ಪುಸ್ತಕ ಅಚ್ಚಾದದ್ದು 1797ರಲ್ಲಿ.

ಗಂಟಿನ ವ್ಯಾಕರಣ

ಇನ್ನು ಹುರಿಯ ವಿಷಯಕ್ಕೆ ಬರೋಣ. 607ರಲ್ಲಿ ಜಪಾನಿನಿಂದ ಚೀನಾದ ಸುಯ್ ರಾಜರ ಆಸ್ಥಾನಕ್ಕೆ ಒನೊ ನೊ ಇಮೊಕೊ ಎಂಬ ರಾಯಭಾರಿ ಹೋದ. ಅವನು ಮರಳುವಾಗ ಜೊತೆಯಲ್ಲಿ ಬಂದ ಕಾಣಿಕೆಗಳಿಗೆ ಕೆಂಪು ಬಿಳಿ ಸೆಣಬಿನ ದಾರ ಕಟ್ಟಿತ್ತು, ಮಿಜುಹಿಕಿಯ ಮೂಲ ಅದೇ ಎಂದು ಪ್ರತೀತಿ. ಮುಂದೆ ಸೆಣಬಿನ ಜಾಗಕ್ಕೆ ಹೊಸೆದ ಕಾಗದ ಬಂತು.

ಈ ಹುರಿಯಲ್ಲಿ ಬಣ್ಣಕ್ಕೊಂದು ಅರ್ಥ, ಗಂಟಿಗೊಂದು ಅರ್ಥ, ಎಳೆಯ ಲೆಕ್ಕಕ್ಕೂ ಒಂದು ಅರ್ಥ.

ಕೆಂಪು ಬಿಳಿ ಇದ್ದರೆ ಶುಭ. ಚಿನ್ನ ಬೆಳ್ಳಿಯ ಬಣ್ಣವಿದ್ದರೆ ಮದುವೆಯಂಥ ದೊಡ್ಡ ಸಂಭ್ರಮ. ಕಪ್ಪು ಬಿಳಿ ಇದ್ದರೆ ಸಾವು. ಕ್ಯೋಟೊ, ಒಸಾಕಾ ಕಡೆಯಲ್ಲಿ ಸೂತಕಕ್ಕೆ ಹಳದಿ ಬಿಳಿಯೂ ಉಂಟು.

ಚಿಟ್ಟೆಯಂತೆ ಎರಡು ಕುಣಿಕೆ ಇರುವ ಗಂಟನ್ನು ಎಳೆದರೆ ಬಿಚ್ಚುತ್ತದೆ, ಮತ್ತೆ ಕಟ್ಟಬಹುದು. ಹಾಗಾಗಿ ಅದು ಮತ್ತೆ ಮತ್ತೆ ಬರಲಿ ಎನ್ನುವ ಸಂದರ್ಭಕ್ಕೆ: ಮಗು ಹುಟ್ಟಿದ್ದಕ್ಕೆ, ಶಾಲೆ ಸೇರಿದ್ದಕ್ಕೆ, ವರ್ಷಾಂತ್ಯದ ಉಡುಗೊರೆಗೆ. ಬಿಗಿಯಾಗಿ ಕಟ್ಟಿದ, ಬಿಚ್ಚಲಾಗದ ಗಂಟು ಒಮ್ಮೆ ಸಾಕು ಎನ್ನುವ ಸಂದರ್ಭಕ್ಕೆ: ಮದುವೆ, ಕಾಯಿಲೆಯಿಂದ ಚೇತರಿಕೆ, ಸಾವು. ಮದುವೆಯ ಉಡುಗೊರೆಗೆ ಚಿಟ್ಟೆ ಗಂಟು ಕಟ್ಟಿಕೊಂಡು ಹೋದರೆ 'ಇನ್ನೊಂದು ಮದುವೆಯಾಗಲಿ' ಎಂದು ಹರಸಿದಂತೆ! ಇನ್ನೊಂದು ಬಗೆ 'ಅವಾಜಿ' ಗಂಟು. ಎರಡು ತುದಿ ಹಿಡಿದು ಎಳೆದಷ್ಟೂ ಬಿಗಿಯುತ್ತದೆ. ಅವಾಬಿ ಚಿಪ್ಪಿನಂತೆ ಕಾಣುವುದರಿಂದ ಅದಕ್ಕೆ ಅವಾಬಿ ಗಂಟು ಎಂದೂ ಹೆಸರಿದೆ.

ಎಳೆಗಳು ಸಾಮಾನ್ಯವಾಗಿ ಬೆಸ ಸಂಖ್ಯೆಯಲ್ಲಿ, ಹೆಚ್ಚಾಗಿ ಐದು. ಮದುವೆಗೆ ಮಾತ್ರ ಹತ್ತು, ಎರಡು ಮನೆಯ ಐದೈದು ಸೇರಿ ಒಂದಾದಂತೆ. ಮುಯ್ಯಿ ಹಣವೂ ಸಮವಾಗಿ ಭಾಗವಾಗದ ಮೊತ್ತವಾದರೆ ಒಳ್ಳೆಯದು, ಜೋಡಿ ಒಡೆಯಬಾರದಲ್ಲ. ನಮ್ಮ ಒಂದು ರೂಪಾಯಿಗೂ ಇದಕ್ಕೂ ನಂಟಿಲ್ಲ, ಆದರೆ ಎರಡೂ ಕಡೆ ಜನ ಯೋಚಿಸಿದ ರೀತಿ ಹತ್ತಿರ ಹತ್ತಿರ.

ಸೂಕ್ಷ್ಮ ಇಲ್ಲಿಗೇ ನಿಲ್ಲುವುದಿಲ್ಲ. ಮುಯ್ಯಿ ಕವರ್‌ನ ಹಿಂಬದಿಯ ಮಡಿಕೆಯಲ್ಲಿ ಶುಭಕ್ಕಾದರೆ ಕೆಳಗಿನ ಅಂಚು ಮೇಲೆ ಬರಬೇಕು, ಬರುವ ಸಂತೋಷವನ್ನು ಬೊಗಸೆಯಲ್ಲಿ ಹಿಡಿದಂತೆ. ಸಾವಿಗಾದರೆ ಮೇಲಿನ ಅಂಚು ಕೆಳಗಿನದರ ಮೇಲೆ ಬರಬೇಕು, ತಲೆ ತಗ್ಗಿಸಿದಂತೆ. ಮದುವೆಗೆ ಹೊಸ ನೋಟು. ಸಾವಿನ ಮನೆಗೆ ಗರಿಗರಿ ನೋಟು ಕೊಡಬಾರದು, ಸಾವಿಗೆ ಮೊದಲೇ ಸಿದ್ಧರಾಗಿ ಕೂತಿದ್ದರೇನೋ ಎಂದು ತೋರುತ್ತದೆ. ಆ ಕವರ್ ಮೇಲೆ ಹೆಸರು ಬರೆಯುವ ಶಾಯಿಯೂ ತೆಳು, ಕಣ್ಣೀರು ಬಿದ್ದು ನೀರಾದಂತೆ.

ಇಷ್ಟೆಲ್ಲ ನಿಯಮ ಹೊರೆಯಲ್ಲವೇ ಎಂದು ಕೇಳಬಹುದು. ಹೊರೆಯೇ. ತಪ್ಪು ಮಾಡಿಬಿಟ್ಟರೆ ಎಂಬ ಭಯವೂ ಅಲ್ಲಿನವರಿಗಿದೆ, ಅದಕ್ಕೇ ಶಿಷ್ಟಾಚಾರ ಕಲಿಸುವ ಪುಸ್ತಕಗಳು ಅಲ್ಲಿ ಚೆನ್ನಾಗಿ ಓಡುತ್ತವೆ. ಆದರೆ ಸಾವಿನ ಮನೆ ಬಾಗಿಲಲ್ಲಿ ನಿಂತಾಗ ಬಾಯಿಂದ ಮಾತು ಹೊರಡುವುದಿಲ್ಲ. ಆಗ ಮಡಿಕೆ ಮತ್ತು ಗಂಟು ಆ ಮಾತನ್ನು ಆಡಿಬಿಡುತ್ತವೆ.

ಜುಟ್ಟು ಕಟ್ಟುತ್ತಿದ್ದ ಊರು

ಈಗ ನಮ್ಮನ್ನು ಹೆಚ್ಚು ಕಾಡಿದ ಭಾಗ. ನಾಗಾನೊ ಪ್ರಾಂತ್ಯದ ದಕ್ಷಿಣಕ್ಕೆ, ತೆನ್‌ರ್ಯು ನದಿಯ ಕಣಿವೆಯಲ್ಲಿ ಇಇದಾ ಎಂಬ ಊರಿದೆ. ಸುತ್ತ ಬೆಟ್ಟ, ಬೆಟ್ಟದಲ್ಲಿ ಕೊಜೊ ಗಿಡ, ಒಳ್ಳೆಯ ನೀರು, ಒಣ ಹವೆ. ಕಾಗದ ಮಾಡಲು ಇದಕ್ಕಿಂತ ಬೇರೇನು ಬೇಕು?

ಆದರೆ ಈ ಊರು ಹೆಸರು ಮಾಡಿದ್ದು ಉಡುಗೊರೆಯ ಹುರಿಯಿಂದಲ್ಲ, 'ಮೊತೊಯುಯಿ' ಎಂಬ ಜುಟ್ಟಿನ ಹುರಿಯಿಂದ. ಆಗ ಗಂಡಸರು ನಡುನೆತ್ತಿ ಬೋಳಿಸಿ, ಉಳಿದ ಕೂದಲನ್ನು ಜುಟ್ಟು ಕಟ್ಟುತ್ತಿದ್ದರು. ಹೆಂಗಸರ ಮುಡಿಯೂ ದೊಡ್ಡದು. ಇದನ್ನೆಲ್ಲ ಬಿಗಿಯಲು ಕಾಗದ ಹೊಸೆದು ಮಾಡಿದ ಗಟ್ಟಿ ಹುರಿ ಬೇಕಿತ್ತು. 17ನೇ ಶತಮಾನದ ಕೊನೆಗೆ ಬುನ್‌ಶಿಚಿ ಎಂಬ ಕುಶಲಕರ್ಮಿ ಇಇದಾದಲ್ಲಿ ಈ ಹುರಿಯ ಗುಣಮಟ್ಟ ಹೆಚ್ಚಿಸಿದ ಎಂದು ಊರಿನ ಚರಿತ್ರೆ ಹೇಳುತ್ತದೆ. ಅವನ ಹೆಸರೇ ಸರಕಿನ ಹೆಸರಾಯಿತು. ಜಪಾನಿನ ಕಥೆ ಹೇಳುವ ಕಲೆಯಾದ ರಾಕುಗೊದಲ್ಲಿ ಅದೇ ಹೆಸರಿನ ಪ್ರಸಿದ್ಧ ಕಥೆಯೂ ಇದೆ.

ಕೆಲಸದ ಕ್ರಮ ಹೀಗೆ. ಕಾಗದವನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಬೇಕು. ದೀಪದ ಬತ್ತಿ ಹೊಸೆದಂತೆ ಹೊಸೆದು ಉದ್ದದ ಎಳೆ ಮಾಡಬೇಕು. ಬಯಲಿನಲ್ಲಿ ಗೂಟಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿ, ಅಂಟು ಸವರಿ, ಬಟ್ಟೆಯಿಂದ ಉಜ್ಜಿ, ಬಿಸಿಲಿಗೆ ಒಣಗಿಸಬೇಕು. ಒಣಗಿದ ಮೇಲೆ ಅದು ಕಾಗದ ಎಂದರೆ ಯಾರೂ ನಂಬುವುದಿಲ್ಲ, ಅಷ್ಟು ಬಿರುಸು. ಬಗ್ಗಿಸಿದರೆ ಬಗ್ಗುತ್ತದೆ, ಬಗ್ಗಿಸಿದ ಆಕಾರದಲ್ಲೇ ನಿಲ್ಲುತ್ತದೆ.

1868ರಲ್ಲಿ ಶೋಗನ್‌ಗಳ ಆಳ್ವಿಕೆ ಮುಗಿದು ಮೇಜಿ ಸರ್ಕಾರ ಬಂತು. ದೇಶವನ್ನು ಪಶ್ಚಿಮದವರ ಸಮಕ್ಕೆ ತರಬೇಕೆಂಬ ಆತುರ. 1871ರಲ್ಲಿ ಜುಟ್ಟು ಬಿಡಬಹುದು, ಕತ್ತಿ ಧರಿಸದೆ ಓಡಾಡಬಹುದು ಎಂಬ ಆದೇಶ ಹೊರಟಿತು. 1873ರಲ್ಲಿ ಚಕ್ರವರ್ತಿಯೇ ಜುಟ್ಟು ಕತ್ತರಿಸಿಕೊಂಡ. ದೊರೆಯೇ ಕತ್ತರಿಸಿದ ಮೇಲೆ ಉಳಿದವರು ಕಾಯುತ್ತಾರೆಯೇ? ಗಂಡಸರ ಜುಟ್ಟುಗಳು ಒಂದೊಂದಾಗಿ ಹೋದವು.

ರಾಜಧಾನಿಯಲ್ಲಿ ಕೂತವರಿಗೆ ಅದು ನಾಗರಿಕತೆಯ ಪ್ರಶ್ನೆ. ಇಇದಾದ ಮನೆಗಳಿಗೆ ಒಲೆಯ ಪ್ರಶ್ನೆ. ಗಿಡ ಬೆಳೆಯುವವನು, ಕಾಗದ ಎತ್ತುವವನು, ಎಳೆ ಹೊಸೆಯುವವಳು, ಹೊತ್ತು ಮಾರುವವನು ಎಲ್ಲರೂ ನಿಂತದ್ದು ಯಾರದೋ ತಲೆಯ ಮೇಲಿನ ಒಂದು ಗಂಟಿನ ಮೇಲೆ. ಹೆಂಗಸರ ಮುಡಿ ಇನ್ನೂ ಇತ್ತು. 1872ರಲ್ಲಿ ಹೆಂಗಸರು ಕೂದಲು ಕತ್ತರಿಸಬಾರದು ಎಂದು ಟೋಕಿಯೊದಲ್ಲಿ ಆದೇಶವೇ ಆಗಿತ್ತು. ಹಾಗಾಗಿ ಕಸುಬು ಒಂದೇ ದಿನಕ್ಕೆ ಸಾಯಲಿಲ್ಲ, ಆದರೆ ಗಿರಾಕಿಗಳ ದೊಡ್ಡ ಭಾಗ ಕೈತಪ್ಪಿತು.

ಇಇದಾದವರು ಕೈಯಲ್ಲಿದ್ದ ವಿದ್ಯೆಯನ್ನು ಬಿಡಲಿಲ್ಲ. ಅದೇ ಕಾಗದ, ಅದೇ ಹೊಸೆತ, ಅದೇ ಅಂಟು. ಬಣ್ಣ ಹಾಕಿದರೆ ಜುಟ್ಟಿನ ಹುರಿಯೇ ಉಡುಗೊರೆಯ ಹುರಿ. ಮೊದಲು ಪಕ್ಕದ ಕೆಲಸವಾಗಿದ್ದ ಮಿಜುಹಿಕಿ ಈಗ ಮುಖ್ಯ ಕೆಲಸವಾಯಿತು. ಬೇಸಾಯದ ಬಿಡುವಿನಲ್ಲಿ ಮನೆಮನೆಯ ಹೆಂಗಸರು ಗಂಟು ಕಟ್ಟಿದರು, ತುಂಡಿಗಿಷ್ಟು ಎಂದು ಕೂಲಿ. ನಮ್ಮಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಮನೆಗಳನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಮುಂದೆ ಹುರಿ ಮಾಡಲು ಯಂತ್ರ ಬಂತು, ಗಂಟು ಕಟ್ಟಲು ಕೈಯೇ ಉಳಿಯಿತು. ಇಂದು ಜಪಾನಿನ ಮಿಜುಹಿಕಿಯಲ್ಲಿ ಸುಮಾರು ಶೇ 70ರಷ್ಟು ಬರುವುದು ಇದೇ ಊರಿನಿಂದ.

ಜುಟ್ಟಿನ ಹುರಿಯೂ ಪೂರ್ತಿ ಸತ್ತಿಲ್ಲ. ಸುಮೊ ಕುಸ್ತಿಯ ಪೈಲ್ವಾನರು ಇಂದಿಗೂ ಜುಟ್ಟು ಕಟ್ಟುತ್ತಾರೆ, ಅದಕ್ಕೆ ಹುರಿ ಇಇದಾದಿಂದ ಹೋಗುತ್ತದೆ.

ಕೊಕ್ಕರೆ, ಆಮೆ, ಪೈನ್ ಮರ

ಹುರಿ ಬರಿ ಗಂಟಾಗಿ ಉಳಿಯಲಿಲ್ಲ. ಪಶ್ಚಿಮ ಕರಾವಳಿಯ ಕನಾಜಾವಾ ನಗರದಲ್ಲಿ 20ನೇ ಶತಮಾನದ ಆರಂಭದಲ್ಲಿ ತ್ಸುದಾ ಸೋಕಿಚಿ ಎಂಬುವರು ನಿಶ್ಚಿತಾರ್ಥದ ಉಡುಗೊರೆಗಳಿಗೆ ಕಾಗದವನ್ನು ಚಪ್ಪಟೆಯಾಗಿ ಒತ್ತದೆ, ಉಬ್ಬಿದಂತೆ ಸುತ್ತುವ ರೀತಿ ತಂದರು. ಮೇಲೆ ಹುರಿಯಿಂದಲೇ ಕೊಕ್ಕರೆ, ಆಮೆ, ಪೈನ್, ಬಿದಿರು, ಪ್ಲಮ್ ಹೂವುಗಳನ್ನು ಕಟ್ಟಿ ನಿಲ್ಲಿಸಿದರು. ಕೊಕ್ಕರೆಯೂ ಆಮೆಯೂ ದೀರ್ಘಾಯುಷ್ಯದ ಗುರುತು. ಚಳಿಗಾಲದಲ್ಲೂ ಹಸಿರಾಗಿರುವ ಪೈನ್ ಮತ್ತು ಬಿದಿರು, ಚಳಿಯಲ್ಲೇ ಹೂ ಬಿಡುವ ಪ್ಲಮ್, ಇವು ತಾಳ್ಮೆಯ ಗುರುತು. ಆ ಮನೆತನ ಈಗಲೂ ಇದೇ ಕೆಲಸದಲ್ಲಿದೆ.

ಇನ್ನೊಂದು ಕಡೆ ಪೇಟೆಯ ದೊಡ್ಡ ಅಂಗಡಿಗಳು ಬೆಳೆದವು. ವರ್ಷಾಂತ್ಯದ ಉಡುಗೊರೆಯನ್ನು ಅಂಗಡಿಯೇ ಸುತ್ತಿ ಕಳಿಸುವ ಕಾಲ ಬಂತು. 1950ರಲ್ಲಿ ಮಿತ್ಸುಕೋಶಿ ಅಂಗಡಿಗೆ ಇನೊಕುಮಾ ಗೆನ್‌ಇಚಿರೊ ಎಂಬ ಕಲಾವಿದ ಸುತ್ತುವ ಕಾಗದದ ವಿನ್ಯಾಸ ಮಾಡಿದರು. ಕಡಲ ತೀರದಲ್ಲಿ ಅಲೆಗೆ ಸವೆದ ಕಲ್ಲುಗಳು ಅದರ ಸ್ಫೂರ್ತಿ. ಅದರ ಮೇಲೆ ಅಂಗಡಿಯ ಹೆಸರು ಬರೆದವರು ಆಗ ಅಲ್ಲಿ ನೌಕರರಾಗಿದ್ದ ಯಾನಾಸೆ ತಾಕಾಶಿ. ಮುಂದೆ ಅವರೇ ಅನ್‌ಪಾನ್‌ಮಾನ್ ಎಂಬ ಮಕ್ಕಳ ಪಾತ್ರ ಸೃಷ್ಟಿಸಿ ಮನೆಮಾತಾದರು. ಇಂಥ ಕಾಗದ ಬಂದ ಮೇಲೆ ಯಾವ ಅಂಗಡಿಯದು ಎಂಬುದೂ ಉಡುಗೊರೆಯ ಮಾತಿನಲ್ಲಿ ಸೇರಿಕೊಂಡಿತು.

ಕೈಯಲ್ಲಿ ಮಡಚುವ ವಿದ್ಯೆ ಮಾತ್ರ ಹಿಂದೆ ಬಿತ್ತು. ಎರಡನೇ ಮಹಾಯುದ್ಧಕ್ಕೆ ಮೊದಲು ಹೆಣ್ಣುಮಕ್ಕಳ ಶಾಲೆಗಳಲ್ಲಿ ಒರಿಗಾತಾ ಕಲಿಸುತ್ತಿದ್ದರು. ಯುದ್ಧದ ನಂತರ ಅದು ನಿಂತಿತು. ಈಗ ಹೆಚ್ಚಿನ ಪೊಟ್ಟಣಗಳ ಮೇಲೆ ಇರುವುದು ನೊಶಿ ಮತ್ತು ಹುರಿಯ ಚಿತ್ರ ಅಚ್ಚು ಮಾಡಿದ ಒಂದು ಹಾಳೆ ಅಷ್ಟೇ. ಅವಾಬಿಯ ಬದಲು ಹಳದಿ ಕಾಗದ, ಕಾಗದದ ಬದಲು ಅದರ ಚಿತ್ರ. ಆದರೂ ಚಿತ್ರದಲ್ಲಿನ ಗಂಟು ಯಾವುದು ಎಂದು ಅಂಗಡಿಯವರು ಈಗಲೂ ಕೇಳುತ್ತಾರೆ. ವಸ್ತು ಹೋದರೂ ಅರ್ಥ ಹೋಗಿಲ್ಲ.

ಉಡುಗೊರೆ ಮತ್ತು ಮದುವೆಗಳು ಸರಳವಾದಷ್ಟೂ ಇಇದಾಕ್ಕೆ ಮತ್ತೆ ಚಿಂತೆ. ಅಲ್ಲಿಯ ಕೆಲಸಗಾರರು ಈಗ ಅದೇ ಹುರಿಯಿಂದ ಕಿವಿಯೋಲೆ, ಕೂದಲ ಪಿನ್, ಹೊಸ ವರ್ಷದ ಬಾಗಿಲ ಅಲಂಕಾರ, ಕ್ರಿಸ್‌ಮಸ್ ಹೂಬಳೆ ಮಾಡುತ್ತಿದ್ದಾರೆ. ಕೂದಲು ಕಟ್ಟುತ್ತಿದ್ದ ಹುರಿ ಸುತ್ತಿ ಬಂದು ಮತ್ತೆ ಕೂದಲನ್ನೇ ಸೇರಿದೆ.

ನಮ್ಮ ಹಳ್ಳಿಗಳಲ್ಲೂ ಬಾಸಿಂಗ ಕಟ್ಟುವವರು, ತೇರಿಗೆ ಬಣ್ಣದ ಕಾಗದದ ಪತಾಕೆ ಕತ್ತರಿಸುವವರು, ದೀಪಾವಳಿಗೆ ಗೂಡುದೀಪ ಅಂಟಿಸುವವರು ಇದ್ದಾರೆ. ಪೇಟೆಯಲ್ಲಿ ಪ್ಲಾಸ್ಟಿಕ್ ಬಂದಾಗ, ಹಬ್ಬದ ರೀತಿ ಬದಲಾದಾಗ ಮೊದಲು ಪೆಟ್ಟು ಬೀಳುವುದು ಅವರ ಮನೆಗೆ. ಇಇದಾದವರು ಜುಟ್ಟನ್ನು ಉಳಿಸಲು ಹೊರಡಲಿಲ್ಲ, ಹೊಸೆಯುವ ಕೈಯನ್ನು ಉಳಿಸಿಕೊಂಡರು. ನಮ್ಮೂರಿನ ಬಾಸಿಂಗದವರ ಕೈಗೆ ಇನ್ನೂ ಏನೇನು ಬರುತ್ತದೆ ಎಂದು ಅವರನ್ನೇ ಕೇಳಬೇಕು. ಮುಂದಿನ ಮದುವೆಗೆ ಬಾಸಿಂಗ ತರಲು ಹೋದಾಗ ನೀವೂ ಒಂದು ಮಾತು ಕೇಳಿ ನೋಡಿ.